ಹಿಮದಡಿ ಆರು ದಿನ: ತೆರೆಯ ಮೇಲಿನ ಎವರೆಸ್ಟ್ ಮತ್ತು ಬೆಟದೂರಿನ ಹನುಮಂತಪ್ಪ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಚಳಿ ಎಂದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಕಂಬಳಿ ಹೊದೆಯುವಷ್ಟು. ಹೊಲದಲ್ಲಿ ಬೆಳ್ಳಗೆ ಕಾಣುವುದು ಹತ್ತಿ. ಅಪರೂಪಕ್ಕೆ ಮುಂಗಾರಿಗೆ ಮೊದಲು ಆಲಿಕಲ್ಲು ಬಿದ್ದರೆ ಮಕ್ಕಳು ಅಂಗಳಕ್ಕೆ ಓಡಿ ಆಯ್ದು ಬಾಯಿಗೆ ಹಾಕಿಕೊಳ್ಳುತ್ತಾರೆ, ರೈತ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ಹುಟ್ಟಿ ಬೆಳೆದವನಿಗೆ ಹಿಮ ಎಂಬುದು ಸಿನಿಮಾದಲ್ಲಿ ಕಾಣುವ ವಸ್ತು. ನಾಯಕ ನಾಯಕಿ ಕಾಶ್ಮೀರದಲ್ಲಿ ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎರಚಿಕೊಳ್ಳುವ, ಹಾಡಿಗೆ ಒದಗುವ ವಸ್ತು.

ಅದೇ ಹಿಮ ಮನುಷ್ಯನನ್ನು ಹೇಗೆ ಕೊಲ್ಲುತ್ತದೆ, ಕೆಲವೊಮ್ಮೆ ಹೇಗೆ ಬಿಟ್ಟುಕೊಡುತ್ತದೆ ಎಂಬುದನ್ನು ತೋರಿಸುವ ಚಿತ್ರಗಳದೇ ಒಂದು ಪರಂಪರೆ ಪಾಶ್ಚಾತ್ಯ ದೇಶಗಳಲ್ಲಿದೆ. ನಡೆದ ದುರಂತವೊಂದನ್ನು ಆಧರಿಸಿ, ಬದುಕಿ ಬಂದವರ ಮಾತನ್ನು ಕೇಳಿ ತಯಾರಿಸಿದ ಚಿತ್ರಗಳು ಇವು. ಇವುಗಳಲ್ಲಿ ಜನ ಹೆಚ್ಚು ನೋಡಿದ್ದು 2015ರಲ್ಲಿ ಬಂದ 'ಎವರೆಸ್ಟ್'. ಐಸ್‌ಲ್ಯಾಂಡಿನ ಬಾಲ್ಟಾಸರ್ ಕೊರ್ಮಾಕುರ್ ಅದರ ನಿರ್ದೇಶಕ. ಅದು ತೆರೆಗೆ ಬಂದ ಐದಾರು ತಿಂಗಳಲ್ಲೇ, 2016ರ ಫೆಬ್ರುವರಿಯಲ್ಲಿ, ಹಾವೇರಿ ಜಿಲ್ಲೆಯ ಗಡಿಗೆ ಹೊಂದಿಕೊಂಡ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಇಡೀ ದೇಶದ ಬಾಯಲ್ಲಿ ಬಂತು. ಈ ಎರಡು ಕಥೆಗಳನ್ನು ಒಟ್ಟಿಗೆ ಓದಬೇಕಾದ ಕಾರಣಗಳಿವೆ.

1996ರ ಮೇ 10

ಮೊದಲು ಚಿತ್ರದ ಮೂಲವಾದ ಘಟನೆ. 1990ರ ದಶಕದ ಹೊತ್ತಿಗೆ ಎವರೆಸ್ಟ್ ಏರುವುದು ಒಂದು ವ್ಯಾಪಾರವೂ ಆಗಿಬಿಟ್ಟಿತ್ತು. ಹಣ ಕೊಟ್ಟವರನ್ನು ಶಿಖರಕ್ಕೆ ಕರೆದೊಯ್ಯುವ ಕಂಪನಿಗಳು ಹುಟ್ಟಿಕೊಂಡಿದ್ದವು. ನ್ಯೂಜಿಲೆಂಡಿನ ರಾಬ್ ಹಾಲ್ ಒಂದು ತಂಡದ ಮುಖಂಡ, ಅಮೆರಿಕದ ಸ್ಕಾಟ್ ಫಿಶರ್ ಇನ್ನೊಂದರ ಮುಖಂಡ. ಇಬ್ಬರೂ ನುರಿತ ಪರ್ವತಾರೋಹಿಗಳು. 1996ರ ಮೇ 10ರಂದು ಎರಡೂ ತಂಡಗಳು ನೇಪಾಳದ ಕಡೆಯಿಂದ ಶಿಖರಕ್ಕೆ ಹೊರಟವು.

ಇಂಥ ಏರಾಟದಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ. ಇಂತಿಷ್ಟು ಹೊತ್ತಿನೊಳಗೆ ತುದಿ ಮುಟ್ಟದಿದ್ದರೆ, ತುದಿ ಕಣ್ಣೆದುರೇ ಇದ್ದರೂ ಹಿಂತಿರುಗಬೇಕು. ಅಂದಿನ ಗಡುವು ಹೆಚ್ಚೆಂದರೆ ಮಧ್ಯಾಹ್ನ 2 ಗಂಟೆ. ಆದರೆ ಮೇಲಿನ ಕಡಿದಾದ ಭಾಗಗಳಲ್ಲಿ ಕಟ್ಟಿರಬೇಕಾಗಿದ್ದ ಹಗ್ಗ ಕಟ್ಟಿರಲಿಲ್ಲ. 'ಹಿಲರಿ ಮೆಟ್ಟಿಲು' ಎಂದು ಕರೆಯುವ ಬಂಡೆಯ ಬುಡದಲ್ಲಿ ಜನ ಸಾಲುಗಟ್ಟಿ ನಿಂತರು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಆಮ್ಲಜನಕ ಖಾಲಿಯಾಗುತ್ತಿತ್ತು. ಗಡುವು ಮೀರಿದ ಮೇಲೂ ಹಲವರು ಏರುತ್ತಲೇ ಇದ್ದರು. ಡಗ್ ಹ್ಯಾನ್ಸೆನ್ ಎಂಬ ಅಂಚೆ ನೌಕರ ಹಿಂದಿನ ವರ್ಷ ಶಿಖರದ ಹತ್ತಿರದವರೆಗೆ ಬಂದು ಹಿಂತಿರುಗಿದ್ದ. ಈ ಸಲ ಆತ ತುದಿ ಮುಟ್ಟಿದಾಗ ಸಂಜೆ ನಾಲ್ಕರ ಸುಮಾರು. ಹಾಲ್ ಅವನನ್ನು ಬಿಟ್ಟು ಇಳಿಯಲಿಲ್ಲ. ಅಷ್ಟರಲ್ಲಿ ಬಿರುಗಾಳಿ ಎದ್ದಿತು.

ಶಿಖರದ ಹತ್ತಿರ ಗಾಳಿಯಲ್ಲಿ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೆಯ ಒಂದು ಪಾಲು ಮಾತ್ರ. ಅಲ್ಲಿ ಮೊದಲು ಕೆಡುವುದು ವಿವೇಕ, ಆಮೇಲೆ ಕಾಲು. ಹಾಲ್ ಒಂದು ರಾತ್ರಿ ಅಲ್ಲೇ ಕಳೆದರು. ಮರುದಿನ ಕೆಳಗಿನ ಶಿಬಿರದವರು ರೇಡಿಯೋ ಮತ್ತು ಉಪಗ್ರಹ ದೂರವಾಣಿಯನ್ನು ಜೋಡಿಸಿ, ನ್ಯೂಜಿಲೆಂಡಿನಲ್ಲಿದ್ದ ಗರ್ಭಿಣಿ ಹೆಂಡತಿಯೊಡನೆ ಅವರನ್ನು ಮಾತನಾಡಿಸಿದರು. ಹುಟ್ಟಲಿರುವ ಮಗುವಿಗೆ ಇಡುವ ಹೆಸರನ್ನು ಗಂಡ ಹೆಂಡತಿ ಆ ಮಾತಿನಲ್ಲೇ ಗೊತ್ತು ಮಾಡಿದರು. ಹಾಲ್ ಕೆಳಗೆ ಬರಲಿಲ್ಲ. ಫಿಶರ್, ಹ್ಯಾನ್ಸೆನ್, ಮಾರ್ಗದರ್ಶಿ ಆ್ಯಂಡಿ ಹ್ಯಾರಿಸ್, ಜಪಾನಿನ ಯಾಸುಕೊ ನಂಬಾ ಕೂಡ ಸತ್ತರು.

ಚಿತ್ರದಲ್ಲಿ ನೋಡುಗರ ಉಸಿರು ನಿಲ್ಲಿಸುವ ಪ್ರಸಂಗ ಇನ್ನೊಂದು. ಟೆಕ್ಸಾಸಿನ ವೈದ್ಯ ಬೆಕ್ ವೆದರ್ಸ್ ಅವರಿಗೆ ಹಿಂದೊಮ್ಮೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದಾಗ ಕಣ್ಣು ಮಂಜಾಯಿತು. ಬಿರುಗಾಳಿಯ ರಾತ್ರಿ ಅವರೂ ಯಾಸುಕೊ ನಂಬಾ ಅವರೂ ಶಿಬಿರದ ಹತ್ತಿರವೇ ಬಯಲಿನಲ್ಲಿ ಕುಸಿದು ಬಿದ್ದರು. ಬೆಳಿಗ್ಗೆ ಹುಡುಕಿ ಹೋದವರು ಇಬ್ಬರಲ್ಲೂ ಸಣ್ಣಗೆ ಉಸಿರಾಡುವುದನ್ನು ಕಂಡರು. ಆದರೂ ಹೊತ್ತು ತಂದರೆ ಉಳಿಯುವುದಿಲ್ಲ, ಉಳಿದವರನ್ನಾದರೂ ಕಾಪಾಡೋಣ ಎಂದು ತೀರ್ಮಾನಿಸಿ ಹಿಂತಿರುಗಿದರು. ಅಮೆರಿಕದ ಮನೆಗೆ ವೆದರ್ಸ್ ಸತ್ತರೆಂಬ ಸುದ್ದಿಯೂ ಹೋಯಿತು. ಅಂದೇ ಮಧ್ಯಾಹ್ನ ಮೇಲೆ, ಸತ್ತವರೆಂದು ಬಿಟ್ಟುಬಂದ ಮನುಷ್ಯ ಬರಿಗೈಯನ್ನು ಮುಂದೆ ಚಾಚಿಕೊಂಡು ಡೇರೆಯ ಕಡೆಗೆ ನಡೆದು ಬಂದರು. ನೇಪಾಳ ಸೇನೆಯ ಅಧಿಕಾರಿ ಮದನ್ ಖತ್ರಿ ಛೆತ್ರಿ, ಹೆಲಿಕಾಪ್ಟರ್ ಹಾರಲು ಹೆದರುವ ಎತ್ತರಕ್ಕೆ ಹಾರಿ ಅವರನ್ನು ಇಳಿಸಿ ತಂದರು. ವೆದರ್ಸ್ ಬಲಗೈ, ಎಡಗೈಯ ಬೆರಳುಗಳು ಹಾಗೂ ಮೂಗನ್ನು ಕಳೆದುಕೊಂಡು ಬದುಕಿದರು.

ಇನ್ನೊಂದು ಕಡೆಯ ಮೂವರು

ಆ ಬಿರುಗಾಳಿಯಲ್ಲಿ ಸತ್ತವರು ಒಟ್ಟು ಎಂಟು ಜನ. ಮೇಲೆ ಹೇಳಿದ್ದು ಐವರನ್ನು ಮಾತ್ರ. ಉಳಿದ ಮೂವರು ನಮ್ಮವರು. ಟಿಬೆಟಿನ ಕಡೆಯಿಂದ, ಅಂದರೆ ಉತ್ತರದ ದಾರಿಯಲ್ಲಿ, ಭಾರತ–ಟಿಬೆಟ್ ಗಡಿ ಪೊಲೀಸ್ ಪಡೆಯ ತಂಡ ಅದೇ ದಿನ ಏರುತ್ತಿತ್ತು. ಗಾಳಿ ಜೋರಾದಾಗ ಕೆಲವರು ಹಿಂತಿರುಗಿದರು. ತ್ಸೆವಾಂಗ್ ಸ್ಮಾನ್ಲಾ, ದೋರ್ಜೆ ಮೊರುಪ್, ತ್ಸೆವಾಂಗ್ ಪಾಲ್ಜೋರ್ ಮುಂದುವರಿದರು. ಮೂವರೂ ಲಡಾಖಿನವರು. ಶಿಖರ ಮುಟ್ಟಿದೆವೆಂದು ಕೆಳಗಿನ ಶಿಬಿರಕ್ಕೆ ರೇಡಿಯೋದಲ್ಲಿ ತಿಳಿಸಿದರು. ಅವರು ನಿಂತದ್ದು ನಿಜವಾದ ತುದಿಯೋ, ಮಂಜಿನಲ್ಲಿ ತುದಿಯಂತೆ ಕಂಡ ಜಾಗವೋ ಎಂಬ ಚರ್ಚೆ ಆಮೇಲೆ ನಡೆಯಿತು. ಅವರಂತೂ ಮರಳಲಿಲ್ಲ. ಉತ್ತರದ ದಾರಿಯ ಒಂದು ಬಂಡೆಯ ಮರೆಯಲ್ಲಿ ಹಸಿರು ಬೂಟು ತೊಟ್ಟು ಮಲಗಿದ ಒಂದು ದೇಹವನ್ನು ಮುಂದಿನ ವರ್ಷಗಳಲ್ಲಿ ನೂರಾರು ಪರ್ವತಾರೋಹಿಗಳು ದಾಟಿ ಹೋದರು. ಅದು ಪಾಲ್ಜೋರ್ ಅವರದು ಎಂದು ಬಹುಮಂದಿ ನಂಬುತ್ತಾರೆ. ಹೆಸರಿದ್ದ ಮನುಷ್ಯ 'ಹಸಿರು ಬೂಟು' ಎಂಬ ದಾರಿಗುರುತಾದ.

ಚಿತ್ರದ ಕಥೆ ನಡೆಯುವುದು ನೇಪಾಳದ ಕಡೆ. ಈ ಮೂವರ ಕಥೆಗೆ ಅಲ್ಲಿ ಜಾಗವಿಲ್ಲ. ಎರಡು ಗಂಟೆಯ ಚಿತ್ರಕ್ಕೆ ಎಲ್ಲವನ್ನೂ ತುಂಬಲಾಗದು ಎಂಬ ವಾದವನ್ನು ಒಪ್ಪಬಹುದು. ಆದರೆ ದೂರವಾಣಿಯಲ್ಲಿ ಹೆಂಡತಿಯೊಡನೆ ಮಾತನಾಡಿದವನ ಸಾವು ಜಗತ್ತಿಗೆ ಕೇಳಿಸಿತು, ರೇಡಿಯೋ ಸ್ತಬ್ಧವಾದವರ ಸಾವು ಕೇಳಿಸಲಿಲ್ಲ ಎಂಬುದೂ ನಿಜ. ದುರಂತದ ಬಗ್ಗೆ ಪುಸ್ತಕ ಬರೆದವರೂ ಹೆಚ್ಚಾಗಿ ದಕ್ಷಿಣದ ದಾರಿಯಲ್ಲಿದ್ದವರೇ. ತಂಡದೊಡನೆ ಹೋಗಿದ್ದ ಪತ್ರಕರ್ತ ಜಾನ್ ಕ್ರಾಕರ್ 1997ರಲ್ಲಿ ಒಂದು ಪುಸ್ತಕ ಬರೆದರು. ಅದಕ್ಕೆ ಎದುರಾಗಿ ಮಾರ್ಗದರ್ಶಿ ಅನಟೋಲಿ ಬುಕ್ರೀವ್ ಅದೇ ವರ್ಷ ತಮ್ಮ ಪುಸ್ತಕ ತಂದರು. ಪೆನ್ನು ಯಾರ ಕೈಯಲ್ಲಿರುತ್ತದೋ ಕ್ಯಾಮೆರಾ ಆ ಕಡೆಗೇ ತಿರುಗುತ್ತದೆ.

ಗುಲಾಬಿಯ ನಾಡಿನಲ್ಲಿ

ಈಗ ಲಡಾಖಿನದೇ ಇನ್ನೊಂದು ಜಾಗಕ್ಕೆ ಬರೋಣ. ಸಿಯಾಚಿನ್ ಎಂದರೆ ಬಾಲ್ಟಿ ಭಾಷೆಯಲ್ಲಿ ಗುಲಾಬಿ ಹೇರಳವಾಗಿರುವ ನೆಲ ಎಂದು ಅರ್ಥ. ಹಿಮನದಿಯ ಕೆಳಗಿನ ಕಣಿವೆಗಳಲ್ಲಿ ಕಾಡುಗುಲಾಬಿ ಬೆಳೆಯುವುದರಿಂದ ಆ ಹೆಸರು. ಮೇಲೆ ಹುಲ್ಲುಕಡ್ಡಿಯೂ ಇಲ್ಲ.

ಸಿಯಾಚಿನ್ ಭಾರತದ ಕೈಗೆ ಬಂದ ಕಥೆ ಶುರುವಾಗುವುದೂ ಪರ್ವತಾರೋಹಣದಿಂದಲೇ. ಕರ್ನಲ್ ನರೇಂದ್ರ ಕುಮಾರ್, 'ಬುಲ್' ಎಂದೇ ಹೆಸರಾದವರು, ವಿದೇಶಿ ನಕ್ಷೆಗಳಲ್ಲಿ ಈ ಪ್ರದೇಶವನ್ನು ಪಾಕಿಸ್ತಾನದ್ದೆಂದು ತೋರಿಸಿರುವುದನ್ನು ಗಮನಿಸಿದರು. ಪಾಕಿಸ್ತಾನದ ಕಡೆಯಿಂದ ವಿದೇಶಿ ತಂಡಗಳು ಅಲ್ಲಿಗೆ ಬಂದು ಹೋಗುತ್ತಿರುವುದೂ ತಿಳಿಯಿತು. 1978ರಲ್ಲಿ ಅವರು ಸೇನೆಯ ಒಂದು ತಂಡ ಕಟ್ಟಿಕೊಂಡು ಹಿಮನದಿಯ ಮೇಲೆ ನಡೆದರು. 1981ರಲ್ಲಿ ಮತ್ತೊಮ್ಮೆ ಹೋದರು. ಅವರು ತಂದ ಮಾಹಿತಿಯ ಆಧಾರದ ಮೇಲೆ 1984ರ ಏಪ್ರಿಲ್ 13ರಂದು 'ಆಪರೇಷನ್ ಮೇಘದೂತ' ನಡೆಯಿತು. ಅಂದಿನಿಂದ ನಮ್ಮ ಸೈನಿಕರು ಅಲ್ಲಿದ್ದಾರೆ. 2003ರ ಕದನ ವಿರಾಮದ ಮೊದಲೂ ಆಮೇಲೂ ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದಿರುವುದು ಚಳಿ, ಎತ್ತರ ಮತ್ತು ಹಿಮಕುಸಿತ. ಎದುರು ಪಕ್ಷದ ಕಥೆಯೂ ಬೇರೆಯಲ್ಲ. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಒಂದೇ ಕುಸಿತಕ್ಕೆ ಪಾಕಿಸ್ತಾನದ 140 ಮಂದಿ ಸಿಕ್ಕಿಹೋದರು.

ಎವರೆಸ್ಟ್ ಏರುವವನು ತಿಂಗಳೆರಡು ತಿಂಗಳಲ್ಲಿ ಮನೆಗೆ ಮರಳುತ್ತಾನೆ. ಆತ ಹೋದದ್ದು ತನ್ನ ಇಚ್ಛೆಯಿಂದ, ಹಣ ಕೊಟ್ಟು. ಸಿಯಾಚಿನ್ ಠಾಣೆಯ ಸೈನಿಕ ಆಜ್ಞೆಯ ಮೇಲೆ ಹೋದವನು. ಹಂತ ಹಂತವಾಗಿ ಮೈ ಒಗ್ಗಿಸಿಕೊಂಡು, ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು ನಡೆದು ಮೇಲೇರುತ್ತಾನೆ. ಏರಿದ ಮೇಲೆ ಇಳಿಯುವುದಲ್ಲ, ಅಲ್ಲೇ ಇರುವುದು ಅವನ ಕೆಲಸ.

ಸೋನಂ ಠಾಣೆ

ಹನುಮಂತಪ್ಪ ಕೊಪ್ಪದ ಬೆಟದೂರಿನವರು. ಈ ಬೆಟದೂರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿದೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಬೆಟದೂರು, ಹೊಸರಿತ್ತಿ ಎರಡೂ ಒಂದೇ ಜಿಲ್ಲೆಯ ಹಳ್ಳಿಗಳು. ಚಿಕ್ಕಂದಿನಲ್ಲಿ ದಿನವೂ ಆರು ಕಿಲೋಮೀಟರ್ ನಡೆದು ಶಾಲೆಗೆ ಹೋಗುತ್ತಿದ್ದರೆಂದು ಸೇನೆ ಆಮೇಲೆ ಹೊರಡಿಸಿದ ಪ್ರಕಟಣೆಯಲ್ಲಿದೆ. 2002ರಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ ಸೇರಿದರು. ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಕಳೆದದ್ದು ಕಾಶ್ಮೀರ ಹಾಗೂ ಈಶಾನ್ಯ ರಾಜ್ಯಗಳಂಥ ಕಠಿಣ ಜಾಗಗಳಲ್ಲಿ. 2015ರ ಆಗಸ್ಟಿನಿಂದ ಸಿಯಾಚಿನ್‌ನಲ್ಲಿದ್ದರು, ಡಿಸೆಂಬರಿನಲ್ಲಿ 19,600 ಅಡಿ ಎತ್ತರದ ಠಾಣೆಗೆ ಏರಿದರು. ಆಗ ವಯಸ್ಸು 33. ಊರಿನಲ್ಲಿ ತಾಯಿ, ಹೆಂಡತಿ, ಎರಡು ವರ್ಷದ ಮಗಳು.

2016ರ ಫೆಬ್ರುವರಿ 3ರಂದು ಸೋನಂ ಠಾಣೆಯ ಮೇಲಿನ ಹಿಮದ ಗೋಡೆ ಕುಸಿಯಿತು. ಠಾಣೆಯಲ್ಲಿದ್ದ ಹತ್ತೂ ಮಂದಿ ಅಡಿಗೆ ಸಿಕ್ಕಿದರು. ಬಿದ್ದದ್ದು ಹತ್ತಿಯಂಥ ಹೊಸ ಹಿಮವಲ್ಲ, ಕಾಂಕ್ರೀಟಿನಷ್ಟು ಗಟ್ಟಿಯಾದ ನೀಲಿ ಹಿಮಗಡ್ಡೆ. ಮರುದಿನವೇ ಸೇನೆ, ಯಾರೂ ಬದುಕಿರುವ ಸಂಭವ ತೀರ ಕಡಿಮೆ ಎಂದು ಹೇಳಿತು. ಪ್ರಧಾನಿ ಸಂತಾಪ ಸೂಚಿಸಿದರು. ಟಿ.ವಿ.ಗಳಲ್ಲಿ ಹತ್ತು ಮಂದಿಯ ಹೆಸರು ಬಂತು. ಬೆಟದೂರಿನ ಮನೆಯಲ್ಲಿ ದುಃಖ ಶುರುವಾಗಿತ್ತು.

ಮೇಲೆ ಮಾತ್ರ ಅಗೆತ ನಿಲ್ಲಲಿಲ್ಲ. ನೂರೈವತ್ತಕ್ಕೂ ಹೆಚ್ಚು ಸೈನಿಕರು, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು. ಬಂಡೆ ಕೊರೆಯುವ ಯಂತ್ರ, ವಿದ್ಯುತ್ ಗರಗಸ, ನೆಲದೊಳಗೆ ಇರುವುದನ್ನು ಪತ್ತೆ ಹಚ್ಚುವ ರೇಡಾರ್, ಇವೆಲ್ಲವನ್ನೂ ಬಿಡಿಬಿಡಿಯಾಗಿ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು. ಆ ಎತ್ತರದಲ್ಲಿ ಸಿಗುವ ಆಮ್ಲಜನಕ ಕೆಳಗಿನದರ ಅರ್ಧದಷ್ಟು. ಅಲ್ಲಿ ಮೆಟ್ಟಿಲು ಹತ್ತಿದರೇ ಏದುಸಿರು ಬರುತ್ತದೆ, ಇವರು ಗಡ್ಡೆ ಕೊಯ್ಯುತ್ತಿದ್ದರು. ಫೆಬ್ರುವರಿ 8ರ ಸಂಜೆ, ಸುಮಾರು 25 ಅಡಿ ಆಳದಲ್ಲಿ ಡೇರೆಯೊಂದು ಸಿಕ್ಕಿತು. ಒಳಗೆ ಹನುಮಂತಪ್ಪ ಜೀವಂತವಾಗಿದ್ದರು. ಸೇನೆಯ ಉತ್ತರ ವಿಭಾಗದ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಡಿ.ಎಸ್. ಹೂಡಾ ಸುದ್ದಿಯನ್ನು ಖಚಿತಪಡಿಸಿದರು. ಬೆಕ್ ವೆದರ್ಸ್ ಮನೆಯಲ್ಲಿ ಆದದ್ದೇ ಬೆಟದೂರಿನಲ್ಲೂ ಆಯಿತು. ಹೋದನೆಂದು ಅಳುತ್ತಿದ್ದವರಿಗೆ ಇದ್ದಾನೆ ಎಂಬ ಸುದ್ದಿ ತಲುಪಿತು.

ಹೇಗೆ ಉಳಿದರು?

ಹಿಮಕುಸಿತದಲ್ಲಿ ಹೂತವರನ್ನು ಕುರಿತು ಸ್ವಿಟ್ಜರ್ಲೆಂಡಿನಲ್ಲಿ ದಾಖಲೆಗಳನ್ನು ಕೂಡಿಸಿ ಅಧ್ಯಯನ ಮಾಡಿದ್ದಾರೆ. ಹದಿನೈದು ನಿಮಿಷದೊಳಗೆ ಹೊರತೆಗೆದರೆ ನೂರಕ್ಕೆ ತೊಂಬತ್ತು ಮಂದಿ ಬದುಕುತ್ತಾರೆ. ಮೂವತ್ತೈದು ನಿಮಿಷವಾದರೆ ನೂರಕ್ಕೆ ಮೂವತ್ತು. ಕೊಲ್ಲುವುದು ಚಳಿಗಿಂತ ಮೊದಲು ಉಸಿರುಕಟ್ಟುವಿಕೆ. ಬಾಯಿಯೆದುರಿನ ಹಿಮ ಉಸಿರಿನ ಬಿಸಿಗೆ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಗಿ ಗಾಳಿಯನ್ನು ತಡೆಯುತ್ತದೆ. ಅದನ್ನೂ ದಾಟಿ ಉಳಿದವರೆಂದರೆ ಮುಖದ ಎದುರು ಒಂದಿಷ್ಟು ಟೊಳ್ಳು ಜಾಗ ಸಿಕ್ಕವರು. 1972ರ ಅಕ್ಟೋಬರಿನಲ್ಲಿ ಆ್ಯಂಡೀಸ್ ಪರ್ವತದಲ್ಲಿ ಬಿದ್ದ ಉರುಗ್ವೆ ವಿಮಾನದ ಪ್ರಯಾಣಿಕರ ಮೇಲೂ ಒಂದು ರಾತ್ರಿ ಹಿಮ ಕುಸಿದು ಎಂಟು ಮಂದಿ ಸತ್ತರು. ಉಳಿದವರಿಗೆ ವಿಮಾನದ ಮುರಿದ ಒಡಲೇ ಆ ಟೊಳ್ಳನ್ನು ಒದಗಿಸಿತು. ಒಟ್ಟು 45 ಜನರಲ್ಲಿ 16 ಮಂದಿ 72 ದಿನಗಳ ನಂತರ ಬದುಕಿ ಬಂದರು. 1993ರ 'ಅಲೈವ್', 2023ರ 'ಸೊಸೈಟಿ ಆಫ್ ದಿ ಸ್ನೋ' ಚಿತ್ರಗಳಿಗೆ ವಸ್ತು ಅದೇ.

ಹನುಮಂತಪ್ಪನವರಿಗೆ ಡೇರೆಯೊಳಗೆ ಸಿಲುಕಿದ ಗಾಳಿ ಆಸರೆಯಾಗಿರಬೇಕು. ಮೈ ತಣ್ಣಗಾದಂತೆ ಜೀವಕೋಶಗಳು ಬೇಡುವ ಆಮ್ಲಜನಕವೂ ಕಡಿಮೆಯಾಗುತ್ತದೆ. 1999ರಲ್ಲಿ ನಾರ್ವೆಯಲ್ಲಿ ಮಂಜುಗಡ್ಡೆಯ ಹೊಳೆಗೆ ಬಿದ್ದ ವೈದ್ಯೆಯೊಬ್ಬರ ಮೈಯುಷ್ಣತೆ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು, ಆದರೂ ಅವರು ಬದುಕಿದರು. ಚಳಿ ಕೊಲ್ಲುತ್ತದೆ, ಕೊಲ್ಲುವ ಮೊದಲು ಕೆಲವೊಮ್ಮೆ ಕಾಯ್ದಿರಿಸುತ್ತದೆ. ಹನುಮಂತಪ್ಪ ಮಾಡುತ್ತಿದ್ದ ಯೋಗಾಭ್ಯಾಸವೇ ಅವರನ್ನು ಉಳಿಸಿತು ಎಂಬ ಮಾತೂ ಆಗ ಪತ್ರಿಕೆಗಳಲ್ಲಿ ಬಂತು. ಗಟ್ಟಿ ಮೈಕಟ್ಟು ನೆರವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಜೊತೆಯಲ್ಲಿದ್ದ ಒಂಬತ್ತು ಮಂದಿ ಕೂಡ ಅದೇ ತರಬೇತಿ ಪಡೆದ ಸೈನಿಕರೇ. ಗಾಳಿಯ ಟೊಳ್ಳು ಯಾರ ಪಾಲಿಗೆ ಬಂತು ಎಂಬುದಕ್ಕೆ ಯೋಗ್ಯತೆಯ ಕಾರಣ ಹುಡುಕುವುದು ಸತ್ತವರಿಗೆ ನ್ಯಾಯವಲ್ಲ.

ದೆಹಲಿಯ ಸೇನಾ ಆಸ್ಪತ್ರೆಯ ಮೊದಲ ಪ್ರಕಟಣೆಯಲ್ಲಿ ಎರಡು ಮಾತು ಅಕ್ಕಪಕ್ಕದಲ್ಲಿದ್ದವು. ಹಿಮಗಚ್ಚು ಇಲ್ಲ, ಮೂಳೆ ಮುರಿದಿಲ್ಲ. ಆದರೆ ಪ್ರಜ್ಞೆಯಿಲ್ಲ, ರಕ್ತದೊತ್ತಡ ಕುಸಿದಿದೆ, ನ್ಯುಮೋನಿಯಾ ಇದೆ, ಯಕೃತ್ತು ಮತ್ತು ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿಲ್ಲ. ತಣ್ಣಗಾದ ಅಂಗಗಳಿಗೆ ರಕ್ತ ಮರಳಿ ಹರಿಯುವಾಗ ಅಪಾಯ ಹೆಚ್ಚು ಎಂದೂ ವೈದ್ಯರು ಎಚ್ಚರಿಸಿದ್ದರು. ಸಾಮಾನ್ಯ ಓದುಗರಿಗೆ ಇದು ವಿಚಿತ್ರವೆನಿಸಬಹುದು. ಬೆಚ್ಚಗಾದರೆ ಒಳ್ಳೆಯದಲ್ಲವೇ? ರಕ್ತ ಸರಿಯಾಗಿ ಹರಿಯದೆ ದಿನಗಟ್ಟಲೆ ಇದ್ದ ಅಂಗಗಳಲ್ಲಿ ಆಮ್ಲವೂ ಪೊಟ್ಯಾಸಿಯಮ್ಮೂ ಕೂಡಿಬಿದ್ದಿರುತ್ತವೆ. ಹರಿವು ಶುರುವಾದೊಡನೆ ಅವು ನೇರ ಹೃದಯಕ್ಕೆ ನುಗ್ಗುತ್ತವೆ. ಬದುಕಿಸುವ ಕ್ರಿಯೆಯೇ ಪರೀಕ್ಷೆಯಾಗುವುದು ಹೀಗೆ. ಚಿತ್ರಗಳು ಇಲ್ಲಿಯವರೆಗೆ ಬರುವುದು ಕಡಿಮೆ. ಹೆಲಿಕಾಪ್ಟರ್ ಮೇಲೆದ್ದಾಗ ಸಂಗೀತವೂ ಮೇಲೇಳುತ್ತದೆ, ಕಥೆ ಮುಗಿಯುತ್ತದೆ.

ಬೆಟದೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಹಾವೇರಿಯಲ್ಲಿ ಪೂಜೆ, ಪ್ರಾರ್ಥನೆ, ಹೋಮ ನಡೆದವು. ದೂರದ ಊರಿನವರು ತಮ್ಮ ಮೂತ್ರಪಿಂಡ ಕೊಡುತ್ತೇವೆಂದು ಮುಂದೆ ಬಂದರು. ಫೆಬ್ರುವರಿ 11ರಂದು ಬೆಳಿಗ್ಗೆ 11.45ಕ್ಕೆ ಹನುಮಂತಪ್ಪ ತೀರಿಕೊಂಡರು. ಮರುದಿನ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಸಾವಿರಾರು ಮಂದಿ ಅಂತಿಮ ದರ್ಶನ ಪಡೆದ ಮೇಲೆ ಬೆಟದೂರಿನಲ್ಲಿ ಸಕಲ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. 2017ರ ಜನವರಿ 15ರ ಸೇನಾ ದಿನದಂದು ಅವರಿಗೆ ಮರಣೋತ್ತರ ಸೇನಾ ಪದಕ ನೀಡಲಾಯಿತು.

ಹೆಸರುಗಳ ಮಾತು

ಹೊಸರಿತ್ತಿಗೆ ತನ್ನದೇ ಆದ ಒಂದು ಹುತಾತ್ಮರ ದಿನವಿದೆ. 1943ರ ಏಪ್ರಿಲ್ 1ರಂದು, ಬ್ರಿಟಿಷ್ ಸರ್ಕಾರ ರೈತರಿಂದ ವಸೂಲಿ ಮಾಡಿ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಮೈಲಾರ ಮಹದೇವಪ್ಪ ಬಲಿಯಾದರು. ಮೋಟೆಬೆನ್ನೂರಿನ ಈ ತರುಣ ಗಾಂಧೀಜಿಯವರ ದಂಡಿ ಯಾತ್ರೆಯಲ್ಲಿ ನಡೆದ ಕನ್ನಡಿಗ. ಅವರ ಹೆಸರು ದೊಡ್ಡದು. ಆದರೂ ಅಂದಿನ ಘಟನೆಯನ್ನು ಹೇಳುವವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರ ಹೆಸರನ್ನು ಬಿಡುವುದಿಲ್ಲ. ಮೂವರೂ ಅಲ್ಲೇ ಬಿದ್ದವರು, ಮೂವರ ಹೆಸರೂ ಒಟ್ಟಿಗೇ ಬರುತ್ತದೆ.

ಸೋನಂ ಠಾಣೆಯ ವಿಷಯದಲ್ಲಿ ನಾವು ಹಾಗೆ ನಡೆದುಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳಬಹುದು. ಉತ್ತರದ ದಾರಿಯ ಮೂವರನ್ನು ಎವರೆಸ್ಟ್ ಚಿತ್ರ ಬಿಟ್ಟಿತೆಂದು ದೂರುವ ನಾವೇ ಸಿಯಾಚಿನ್ ಎಂದೊಡನೆ ಹನುಮಂತಪ್ಪನವರನ್ನು ಮಾತ್ರ ನೆನೆಯುತ್ತೇವೆ. ಆರು ದಿನ ಉಳಿದವರ ಕಥೆಯಲ್ಲಿ ಆಶೆಯಿತ್ತು, ದೇಶ ಆ ಆಶೆಗೆ ಅಂಟಿಕೊಂಡಿತು. ಅದು ಸಹಜ. ಹಾಸನ ಜಿಲ್ಲೆಯ ಸುಬೇದಾರ್ ಟಿ.ಟಿ. ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಪಿ.ಎನ್. ಮಹೇಶ ಇಬ್ಬರೂ ಕನ್ನಡದವರೇ. ತಮಿಳುನಾಡಿನ ಎಂ. ಏಳುಮಲೈ, ಎಸ್. ಕುಮಾರ್, ಜಿ. ಗಣೇಶನ್, ಎನ್. ರಾಮಮೂರ್ತಿ, ಕೇರಳದ ಬಿ. ಸುಧೀಶ್, ಆಂಧ್ರದ ಕರ್ನೂಲಿನ ಎಸ್. ಮುಷ್ತಾಕ್ ಅಹ್ಮದ್, ಮಹಾರಾಷ್ಟ್ರದ ಸಾತಾರಾದಿಂದ ಬಂದು ಶುಶ್ರೂಷೆಯ ಕೆಲಸ ಮಾಡುತ್ತಿದ್ದ ಎಸ್.ವಿ. ಸೂರ್ಯವಂಶಿ. ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹತ್ತರಲ್ಲಿ ಒಬ್ಬರೂ ಹಿಮ ಬೀಳುವ ಊರಿನವರಲ್ಲ. ತೆಂಗು, ಜೋಳ, ಭತ್ತ, ಕಬ್ಬು ಬೆಳೆಯುವ ಸೀಮೆಯವರು.

ಸೈನ್ಯಕ್ಕೆ ಸೇರದವರನ್ನೂ ಈಗ ಹಿಮ ಕರೆಯುತ್ತಿದೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಬಿರುಗಾಳಿಗೆ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ಕರ್ನಾಟಕದವರು. ಒಂಬತ್ತು ಮಂದಿ ಸತ್ತರು, ಹದಿಮೂರು ಮಂದಿಯನ್ನು ರಕ್ಷಿಸಲಾಯಿತು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಹೋಗಿ ನಿಂತು ರಕ್ಷಣಾ ಕಾರ್ಯ ನೋಡಿಕೊಂಡರು. ಅದು ಎವರೆಸ್ಟೂ ಅಲ್ಲ, ಸಿಯಾಚಿನ್ನೂ ಅಲ್ಲ, ರಜೆಯಲ್ಲಿ ಜನ ನಡೆದು ಹೋಗುವ ದಾರಿ. ಆದರೆ ಗಾಳಿ ಎದ್ದು ಕಣ್ಣು ಕಾಣದಾದಾಗ 1996ರ ಮೇ ತಿಂಗಳ ಆ ಸಂಜೆಗೂ ಇದಕ್ಕೂ ಅಂತರ ಉಳಿಯುವುದಿಲ್ಲ.

ಸೋನಂ ಠಾಣೆಯ ಉಳಿದ ಒಂಬತ್ತು ಮಂದಿಯ ದೇಹಗಳೂ ಅಗೆತದಲ್ಲಿ ಸಿಕ್ಕವು. ಹವಾಮಾನ ಕೆಟ್ಟಿದ್ದರಿಂದ ಹೆಲಿಕಾಪ್ಟರ್‌ಗಳು ಕೂಡಲೇ ಹಾರಲಾಗಲಿಲ್ಲ. ಬೆಟದೂರಿನಲ್ಲಿ ಅಂತ್ಯಕ್ರಿಯೆ ಮುಗಿದ ದಿನವೂ ನಾಗೇಶ ಮತ್ತು ಮಹೇಶ ಅವರ ಮನೆಯವರು ತಮ್ಮವರ ದೇಹ ಊರಿಗೆ ಬರುವುದನ್ನೇ ಕಾಯುತ್ತಿದ್ದರು.